ಗದ್ದುಗೆ ಅದಲುಬದಲು, ದಫ್ತರ ಯಥಾಪ್ರಕಾರ

ಹೆಂಗಸರು ದೇಶ ಆಳುವ, ಗಂಡಸರು ಅಂತಃಪುರದಲ್ಲಿ ಕಾಯುವ ಜಪಾನಿನ ಚಿತ್ರಕಥೆ ‘ಓಓಕು’. ವೈಟ್‌ಫೀಲ್ಡ್, ಪೀಣ್ಯ, ಎಲೆಕ್ಟ್ರಾನಿಕ್ ಸಿಟಿಗಳ ಕಡೆಯಿಂದ ಅದನ್ನು ಓದಿದರೆ ಅದು ನಮ್ಮದೇ ಕಥೆಯಾಗಿ ಕಾಣತೊಡಗುತ್ತದೆ.

ಎದೊ ಕೋಟೆಗೆ ಹೊಸ ಶೋಗನ್, ಅಂದರೆ ಜಪಾನನ್ನು ಆಳುವ ಸೇನಾ ದೊರೆ, ಬಂದಾಗಿದೆ. ಖಜಾನೆ ಖಾಲಿ, ಖರ್ಚಿಗೆ ಕಡಿವಾಣ ಹಾಕಲೇಬೇಕು. ಆದರೆ ಹೊರಟ ಅಪ್ಪಣೆ ಹುಬ್ಬೇರಿಸುವಂಥದ್ದು: ಅಂತಃಪುರದಲ್ಲಿ ಎಲ್ಲರಿಗಿಂತ ಚೆಲುವರಾದ 50 ಮಂದಿಯ ಪಟ್ಟಿ ಬೇಕು. ಒಳಗೆ ಗುಸುಗುಸು ಏಳುತ್ತದೆ. ಹೆಸರು ಸೇರಿದವರು ಬೀಗುತ್ತಾರೆ, ಸೇರದವರು ಮುಖ ಸಣ್ಣಗೆ ಮಾಡಿಕೊಳ್ಳುತ್ತಾರೆ. ಪಟ್ಟಿ ಕೈಸೇರಿದ ಮೇಲೆ ಶೋಗನ್ ಹೇಳುವುದು ಇಷ್ಟೇ. ಈ ಐವತ್ತೂ ಮಂದಿಯನ್ನು ಮನೆಗೆ ಕಳಿಸಿ. ರೂಪವಿದೆ, ಹೊರಗೆ ಹೋದರೆ ಸಂಬಂಧ ಕುದುರುವುದು ಕಷ್ಟವಾಗಲಾರದು.

ತೊಕುಗಾವಾ ಮನೆತನದ ಎಂಟನೇ ಶೋಗನ್ ಯೊಶಿಮುನೆ 1716ರಲ್ಲಿ ಅಧಿಕಾರಕ್ಕೆ ಬಂದಾಗ ಹೀಗೆ ಮಾಡಿದನೆಂದು ಜಪಾನಿನಲ್ಲಿ ಹೇಳಿಕೊಂಡು ಬಂದಿದ್ದಾರೆ. ಇತಿಹಾಸದ ಯೊಶಿಮುನೆ ಗಂಡಸು; ಗಂಟುಮೂಟೆ ಕಟ್ಟಿದ ಐವತ್ತು ಮಂದಿ ಹೆಂಗಸರು. ಫುಮಿ ಯೊಶಿನಾಗ ಎಂಬ ಲೇಖಕಿ ಬರೆದು ಚಿತ್ರಿಸಿದ ‘ಓಓಕು’ ಕಾಮಿಕ್ಸ್‌ನಲ್ಲಿ ಯೊಶಿಮುನೆ ಹೆಂಗಸು. ಮನೆಗೆ ಹೊರಟ ಐವತ್ತು ಮಂದಿ ಗಂಡಸರು. ಅಪ್ಪಣೆ ಅದೇ, ಪಟ್ಟಿ ಅದೇ, ಲೆಕ್ಕಾಚಾರವೂ ಅದೇ. ಆದರೂ ಮೊದಲ ಕಥೆ ಕೇಳಿದಾಗ ದೊರೆಯ ಮಿತವ್ಯಯಕ್ಕೆ ತಲೆದೂಗುವ ನಾವು, ಎರಡನೆಯದನ್ನು ಕೇಳಿದಾಗ ‘ಇದೇನು, ಮನುಷ್ಯರನ್ನು ಸಾಮಾನಿನ ಹಾಗೆ ಪಟ್ಟಿ ಮಾಡುವುದೇ’ ಎಂದು ತಡವರಿಸುತ್ತೇವೆ. ಆ ತಡವರಿಕೆಯ ಮೇಲೆಯೇ ಯೊಶಿನಾಗ 19 ಸಂಪುಟಗಳನ್ನು ಕಟ್ಟಿದ್ದಾರೆ.

ಮುಕ್ಕಾಲು ಪಾಲು ಹುಡುಗರಿಲ್ಲದ ದೇಶ

‘ಓಓಕು’ ಎಂದರೆ ಎದೊ ಕೋಟೆಯ ಒಳಮನೆ, ಶೋಗನ್‌ನ ರಾಣಿವಾಸ. 2004ರಿಂದ 2020ರವರೆಗೆ ‘ಮೆಲೊಡಿ’ ಎಂಬ ಪತ್ರಿಕೆಯಲ್ಲಿ ಈ ಕಥೆ ಧಾರಾವಾಹಿಯಾಗಿ ಬಂತು. 17ನೇ ಶತಮಾನದ ಜಪಾನಿನ ಗುಡ್ಡಗಾಡಿನ ಹಳ್ಳಿಯೊಂದರಲ್ಲಿ ಹುಡುಗನೊಬ್ಬ ಕರಡಿಯ ಕೈಗೆ ಸಿಕ್ಕಿ ಗಾಯಗೊಳ್ಳುತ್ತಾನೆ. ಅಲ್ಲಿಂದ ಹುಟ್ಟುವ ‘ಕೆಂಪು ಮುಖದ ಸಿಡುಬು’ ಹರೆಯದ ಗಂಡುಮಕ್ಕಳನ್ನೇ ಹುಡುಕಿ ಹುಡುಕಿ ಕೊಲ್ಲುತ್ತದೆ. ಕೆಲವೇ ದಶಕಗಳಲ್ಲಿ ದೇಶದ ಗಂಡಸರ ಸಂಖ್ಯೆ ಹೆಂಗಸರ ಕಾಲು ಭಾಗಕ್ಕೆ ಇಳಿಯುತ್ತದೆ. ಉಳುವವರು, ಅಂಗಡಿ ಇಡುವವರು, ಕುಲುಮೆ ಊದುವವರು, ಕತ್ತಿ ಹಿಡಿಯುವವರು ಎಲ್ಲರೂ ಹೆಂಗಸರೇ. ಗಂಡುಮಗು ಹುಟ್ಟಿದರೆ ಗಾಳಿ ಸೋಕದಂತೆ ಸಾಕುತ್ತಾರೆ. ಬಡವರ ಮನೆಯಲ್ಲಿ ಆ ಗಂಡುಮಗನೇ ಗಳಿಕೆಯ ದಾರಿಯೂ ಆಗುತ್ತಾನೆ: ಗಂಡನನ್ನು ತರಲು ಶಕ್ತಿಯಿಲ್ಲದ ಹೆಂಗಸರು ಮಗು ಬೇಕೆಂದು ಅವನಿಗೆ ದುಡ್ಡು ಕೊಟ್ಟು ಹೋಗುತ್ತಾರೆ.

ರೋಗ ಶೋಗನ್ ಮನೆಯನ್ನೂ ಬಿಡುವುದಿಲ್ಲ. ಮೂರನೇ ಶೋಗನ್ ಇಎಮಿತ್ಸು ಸಿಡುಬಿನಿಂದ ಸಾಯುತ್ತಾನೆ. ಅವನನ್ನು ಎತ್ತಿ ಆಡಿಸಿದ ದಾದಿ ಕಸುಗ ಸಾವಿನ ಸುದ್ದಿಯನ್ನೇ ಮುಚ್ಚಿಟ್ಟು, ಅವನಿಗೆ ಹೊರಗೆ ಹುಟ್ಟಿದ್ದ ಹುಡುಗಿಯನ್ನು ತಂದು, ಗಂಡುಡುಗೆ ತೊಡಿಸಿ, ಅಪ್ಪನ ಹೆಸರಿನಲ್ಲೇ ಕೂರಿಸುತ್ತಾಳೆ. ಕ್ಯೋಟೊದಿಂದ ಬಂದ ಅರಿಕೊತೊ ಎಂಬ ಸನ್ಯಾಸಿಯನ್ನು ಬಲವಂತವಾಗಿ ಕಾವಿ ಬಿಡಿಸಿ ಅವಳ ಅಂತಃಪುರಕ್ಕೆ ಸೇರಿಸುತ್ತಾರೆ. ಇಬ್ಬರೂ ಬಂದಿಗಳೇ. ಅವರ ನಡುವೆ ಹುಟ್ಟುವ ಪ್ರೀತಿ ಈ ಮಾಲಿಕೆಯ ಅತ್ಯಂತ ನೋವಿನ ಭಾಗ. ಅವರಿಗೆ ಮಕ್ಕಳಾಗುವುದಿಲ್ಲ, ವಂಶಕ್ಕೆ ವಾರಸುದಾರರು ಬೇಕಲ್ಲ? ಬೇರೆ ಗಂಡಸರನ್ನು ಅವಳ ಕೋಣೆಗೆ ಕಳಿಸುತ್ತಾರೆ, ಅರಿಕೊತೊ ನೋಡುತ್ತ ಉಳಿಯುತ್ತಾನೆ. ಮಕ್ಕಳಾಗದ ಸೊಸೆಯರಿಗೆ ನಮ್ಮ ಮನೆಗಳಲ್ಲಿ ಆದದ್ದೇನು ಎಂದು ಬಲ್ಲವರಿಗೆ ಈ ಪುಟಗಳಿಗೆ ವಿವರಣೆ ಬೇಕಿಲ್ಲ.

ಹೆಂಗಸರ ಕೈಗೆ ಅಧಿಕಾರ ಬಂದರೆ ಲೋಕ ತಣ್ಣಗಾಗುತ್ತದೆ ಎಂಬ ಹಾರೈಕೆ ‘ಓಓಕು’ವಿನಲ್ಲಿ ಇಲ್ಲ. ಅಲ್ಲಿನ ರಾಣಿಯರಲ್ಲಿ ಜಾಣೆಯರಿದ್ದಾರೆ, ಕಟುಕಿಯರಿದ್ದಾರೆ, ಅಳುಬುರುಕರಿದ್ದಾರೆ, ಸೋಮಾರಿಗಳೂ ಇದ್ದಾರೆ. ಪಟ್ಟದಲ್ಲಿ ಕೂತವರು ಬದಲಾದರೂ ಪಟ್ಟದ ಕಾನೂನು ಬದಲಾಗುವುದಿಲ್ಲ. ಮದುವೆಯಾಗದ ಶೋಗನ್ ಜೊತೆ ಮೊದಲ ರಾತ್ರಿ ಕಳೆದ ಗಂಡಸಿಗೆ ಮರಣದಂಡನೆ ಎಂಬ ನಿಯಮ ಕಥೆಯಲ್ಲಿದೆ. ಕಪ್ಪು ಬಟ್ಟೆಯ ಮೇಲೆ ಹರಿವ ನೀರಿನ ಗೆರೆಗಳನ್ನು ಬಿಡಿಸಿದ ಸರಳ ಉಡುಗೆ ತೊಟ್ಟು ಸಾಲಿನಲ್ಲಿ ನಿಂತ ಮಿಜುನೊ ಯೊಶಿಮುನೆಯ ಕಣ್ಣಿಗೆ ಬೀಳುತ್ತಾನೆ. ಅದೇ ಅವನ ಕುತ್ತಿಗೆಗೆ ಬರುತ್ತದೆ. ಯೊಶಿಮುನೆ ಅವನನ್ನು ಉಳಿಸುವ ಬಗೆ ನೋಡಿ: ನಿಯಮ ರದ್ದು ಮಾಡುವ ಬದಲು ಅವನು ಸತ್ತನೆಂದು ಬರೆಸಿ, ಬೇರೆ ಹೆಸರು ಕೊಟ್ಟು, ಅವನು ಬಾಲ್ಯದಿಂದ ಇಷ್ಟಪಟ್ಟ ಹುಡುಗಿಯ ಬಳಿಗೆ ಕಳಿಸುತ್ತಾಳೆ. ಮಿಜುನೊ ದಫ್ತರದಲ್ಲಿ ಸತ್ತು ಬೀದಿಯಲ್ಲಿ ಬದುಕುತ್ತಾನೆ.

ದಫ್ತರವೇ ಈ ಕಾದಂಬರಿಯ ನಿಜವಾದ ನಾಯಕ ಎಂದರೂ ನಡೆದೀತು. ಮಿಕ್ಕ ದೇಶಗಳಿಗೆ ತನ್ನಲ್ಲಿ ಗಂಡಸರಿಲ್ಲದ ಗುಟ್ಟು ತಿಳಿಯಬಾರದೆಂದೇ ಜಪಾನು ಬಾಗಿಲು ಮುಚ್ಚಿಕೊಂಡಿತು ಎಂಬುದು ಯೊಶಿನಾಗರ ಜಾಣ ಕಲ್ಪನೆ. ನಿಜ ಇತಿಹಾಸದಲ್ಲೂ ಆ ಕಾಲದ ಜಪಾನು ಐರೋಪ್ಯರಲ್ಲಿ ಡಚ್ಚರಿಗೆ ಮಾತ್ರ, ಅದೂ ನಾಗಸಾಕಿಯ ಪುಟ್ಟ ದ್ವೀಪವೊಂದರಲ್ಲಿ, ವ್ಯಾಪಾರಕ್ಕೆ ಅವಕಾಶ ಕೊಟ್ಟಿತ್ತು. ಕಥೆಯಲ್ಲಿ, ಭೇಟಿಗೆ ಬಂದ ಡಚ್ಚರ ಗುಂಪಿನಲ್ಲಿ ಬರೀ ಗಂಡಸರೇ ಇರುವುದನ್ನು ಕಂಡ ಯೊಶಿಮುನೆಗೆ ಅನುಮಾನ ಹುಟ್ಟುತ್ತದೆ. ತಾನು ಹೆಂಗಸಾಗಿದ್ದೂ ತನ್ನ ಹೆಸರೇಕೆ ಗಂಡಸಿನದು? ಒಳಮನೆಯ ಮುದಿ ಗುಮಾಸ್ತ ಮುರಾಸೆ ಕಾಪಿಟ್ಟ, ‘ಮುಳುಗುವ ದಿನದ ದಾಖಲೆ’ ಎಂಬ ಹೆಸರಿನ ಕಡತವನ್ನು ಅವಳು ತೆರೆಯುತ್ತಾಳೆ. ಎರಡನೇ ಸಂಪುಟದಿಂದ ನಾವು ಓದುವುದು ಆ ಕಡತವನ್ನೇ.

2009ರಲ್ಲಿ ಈ ಕೃತಿಗೆ ಜಪಾನಿನ ತೆಜುಕಾ ಒಸಾಮು ಸಾಂಸ್ಕೃತಿಕ ಪ್ರಶಸ್ತಿಯ ಮಹಾ ಪುರಸ್ಕಾರ ಬಂತು. ಅದೇ ಸಾಲಿನ ಅಮೆರಿಕದ ಜೇಮ್ಸ್ ಟಿಪ್ಟ್ರೀ ಜೂನಿಯರ್ ಪ್ರಶಸ್ತಿಯಲ್ಲೂ ಪಾಲು ಸಿಕ್ಕಿತು. ಆ ಜೇಮ್ಸ್ ಟಿಪ್ಟ್ರೀ ಗಂಡಸಲ್ಲ, ಗಂಡು ಹೆಸರಿನಲ್ಲಿ ವಿಜ್ಞಾನ ಕಥೆ ಬರೆದ ಆಲಿಸ್ ಶೆಲ್ಡನ್ ಎಂಬಾಕೆ. ಗಂಡು ಹೆಸರು ಹೊತ್ತು ಆಳಿದ ಹೆಂಗಸರ ಕಥೆಗೆ ಇದಕ್ಕಿಂತ ಒಪ್ಪುವ ಪ್ರಶಸ್ತಿ ಸಿಗಲಾರದು.

ವೈಟ್‌ಫೀಲ್ಡ್‌ಗೆ ಬಂದ ಎದೊ

ಇಂಥ ಕಥೆ ಬೆಂಗಳೂರಿನ ಹೊರವಲಯಕ್ಕೆ ಬಂದದ್ದು ಪುಸ್ತಕದಂಗಡಿಗಿಂತ ಮೊಬೈಲ್ ಪರದೆಯ ಮೂಲಕವೇ ಹೆಚ್ಚು. 2023ರ ಜೂನ್ 29ರಂದು ನೆಟ್‌ಫ್ಲಿಕ್ಸ್‌ನಲ್ಲಿ ‘ಓಓಕು’ವಿನ ಅನಿಮೆ ಬಂತು, ಇಎಮಿತ್ಸು ಮತ್ತು ಅರಿಕೊತೊ ಕಥೆ ಅದರ ಹೂರಣ. ಜಪಾನಿನ ಸಾರ್ವಜನಿಕ ಪ್ರಸಾರ ಸಂಸ್ಥೆ ಎನ್‌ಎಚ್‌ಕೆ ಅದೇ ವರ್ಷ ಎರಡು ಸೀಸನ್‌ಗಳಲ್ಲಿ ಇಡೀ ಕಥೆಯನ್ನು ಧಾರಾವಾಹಿ ಮಾಡಿತು. ಮಾರತಹಳ್ಳಿಯ, ಕುಂದಲಹಳ್ಳಿಯ ಪಿಜಿಗಳಲ್ಲಿ ರಾತ್ರಿ ಊಟವಾದ ಮೇಲೆ ಅನಿಮೆ ನೋಡುವವರಿಗೆ ಈಗ ಲೆಕ್ಕವಿಲ್ಲ. ಜಪಾನಿ ಭಾಷೆಯ ಪರೀಕ್ಷೆ ಬರೆಯುವ ಟೆಕ್ಕಿಗಳೂ ಇಲ್ಲಿ ಧಾರಾಳ.

ಈ ಆಸಕ್ತಿ ಕಣ್ಣಿಗೆ ಕಟ್ಟುವುದು ವೈಟ್‌ಫೀಲ್ಡ್‌ನ ಕೆಟಿಪಿಒ ವಸ್ತುಪ್ರದರ್ಶನ ಮೈದಾನದಲ್ಲಿ ಕಾಮಿಕ್ ಕಾನ್ ನಡೆಯುವ ದಿನಗಳಲ್ಲಿ. ವಾರವಿಡೀ ಕೊರಳಿಗೆ ಐಡಿ ಕಾರ್ಡ್ ನೇತುಹಾಕಿಕೊಂಡು ಅದೇ ರಸ್ತೆಯಲ್ಲಿ ಓಡಾಡುವವರು ಅಂದು ಬಣ್ಣದ ವಿಗ್ಗು, ರಟ್ಟಿನ ಕತ್ತಿ, ಥರ್ಮಾಕೋಲಿನ ಕವಚ ತೊಟ್ಟು ಮೆಟ್ರೊದಿಂದ ಇಳಿಯುತ್ತಾರೆ. ಹುಡುಗಿಯರು ಗಂಡು ಪಾತ್ರದ ವೇಷ ಹಾಕುವುದು, ಹುಡುಗರು ಹೆಣ್ಣು ಪಾತ್ರದ ವೇಷ ಹಾಕುವುದು ಈ ಬಳಗದಲ್ಲಿ ತೀರಾ ಸಹಜ.

ಜಪಾನಿ ಚಿತ್ರಕಥೆಗಳಿಗೆ ಈ ವೇಷ ಬದಲಾವಣೆ ಹೊಸತಲ್ಲ. ತೆಜುಕಾ ಒಸಾಮು ಬೆಳೆದ ಊರು ತಕಾರಾಜುಕ. ಅಲ್ಲಿ 1914ರಿಂದ ಹೆಂಗಸರೇ ಎಲ್ಲ ಪಾತ್ರಗಳನ್ನೂ ಆಡುವ ನಾಟಕ ಕಂಪನಿಯಿದೆ. ತೆಜುಕಾ 1953ರಲ್ಲಿ ಗಂಡುವೇಷದ ರಾಜಕುಮಾರಿಯ ಕಥೆ ಬಿಡಿಸಿದರು. 1972ರಲ್ಲಿ ರಿಯೊಕೊ ಇಕೆದ ಫ್ರಾನ್ಸಿನ ರಾಣಿಯ ಕಾವಲು ಪಡೆಗೆ ಗಂಡಾಗಿ ಬೆಳೆಸಿದ ಆಸ್ಕರ್ ಎಂಬ ಹೆಣ್ಣನ್ನು ನಾಯಕಿ ಮಾಡಿದರು. ಆ ಕಥೆಗಳಲ್ಲಿ ಒಬ್ಬಳು ಹೆಣ್ಣು ವೇಷ ಬದಲಿಸುತ್ತಾಳೆ. ಯೊಶಿನಾಗ ಇಡೀ ದೇಶದ ವೇಷವನ್ನೇ ಬದಲಿಸಿದರು.

ಪ್ರಮೀಳೆಯ ಮದುವೆ, ಉಳ್ಳಾಲದ ಕಾಲುವೆ

ಕನ್ನಡಿಗರಿಗೆ ಹೆಣ್ಣುರಾಜ್ಯದ ಕಥೆ ಅಪರಿಚಿತವೇನಲ್ಲ. ಲಕ್ಷ್ಮೀಶನ ಜೈಮಿನಿ ಭಾರತದಲ್ಲಿ ಅಶ್ವಮೇಧದ ಕುದುರೆಯ ಬೆನ್ನುಹತ್ತಿದ ಅರ್ಜುನ ಸ್ತ್ರೀರಾಜ್ಯಕ್ಕೆ ಬರುತ್ತಾನೆ. ಅಲ್ಲಿ ಗಂಡಸರೇ ಇಲ್ಲ. ಹೊರಗಿಂದ ಬಂದವರೂ ಬಹಳ ದಿನ ಬದುಕುವುದಿಲ್ಲ. ರಾಣಿ ಪ್ರಮೀಳೆ ಕುದುರೆ ಕಟ್ಟಿಹಾಕಿ ಅರ್ಜುನನೊಡನೆ ಯುದ್ಧಕ್ಕೆ ನಿಲ್ಲುತ್ತಾಳೆ, ಅವನು ಸುಸ್ತಾಗುತ್ತಾನೆ. ಆಮೇಲೆ? ಅಶರೀರವಾಣಿ ಕೇಳಿಸುತ್ತದೆ, ಮದುವೆ ಗೊತ್ತಾಗುತ್ತದೆ, ರಾಣಿ ಹಸ್ತಿನಾಪುರಕ್ಕೆ ಹೊರಡುತ್ತಾಳೆ. ತಾಳಮದ್ದಲೆಯ ಅರ್ಥಧಾರಿಗಳು ಪ್ರಮೀಳೆಯ ಬಾಯಲ್ಲಿ ಎಷ್ಟೇ ಹರಿತವಾದ ಮಾತು ಆಡಿಸಲಿ, ಪ್ರಸಂಗ ಮುಗಿಯುವುದು ಮಂಗಳದಲ್ಲಿ. ಹೆಣ್ಣುರಾಜ್ಯವೆಂಬ ತೊಡಕನ್ನು ನಮ್ಮ ಕವಿ ಮದುವೆಯಿಂದ ಬಿಡಿಸಿದ.

ಬಂಗಾಳದ ರೊಕೆಯಾ ಬೇಗಂ 1905ರಲ್ಲಿ ಮದರಾಸಿನ ‘ಇಂಡಿಯನ್ ಲೇಡೀಸ್ ಮ್ಯಾಗಜೀನ್’ಗೆ ಬರೆದ ‘ಸುಲ್ತಾನಾಳ ಕನಸು’ ಇನ್ನೊಂದು ದಾರಿ ಹಿಡಿಯಿತು. ಅಲ್ಲಿ ಹೆಂಗಸರು ಸೂರ್ಯನ ಶಾಖದಿಂದ ಅಡುಗೆ ಮಾಡುತ್ತಾರೆ, ಮೋಡದಿಂದ ನೀರು ಇಳಿಸುತ್ತಾರೆ; ಗಂಡಸರು ಪರದೆಯ ಹಿಂದೆ ಮನೆಗೆಲಸ ನೋಡಿಕೊಳ್ಳುತ್ತಾರೆ. ರೊಕೆಯಾ ಬರೆದದ್ದು ನಗೆಯಲ್ಲಿ ಅದ್ದಿದ ಕನಸು. ಯೊಶಿನಾಗ ಬರೆದದ್ದು ಆಡಳಿತದ ಕಥೆ; ಅಲ್ಲಿ ತೆರಿಗೆ, ಬೆಳೆ, ಬಡ್ತಿ, ಪಿತೂರಿ ಎಲ್ಲ ಇವೆ.

ಕನಸು, ಪುರಾಣ ಬಿಟ್ಟು ಕರ್ನಾಟಕದ ಇತಿಹಾಸಕ್ಕೆ ಬಂದರೆ ಪರ್ಯಾಯ ಚರಿತ್ರೆಯ ಹಂಗೇ ಬೇಕಿಲ್ಲವೇನೋ ಅನ್ನಿಸುತ್ತದೆ. ಕಾಮಿಕ್ಸ್‌ನಲ್ಲಿ ಹೆಂಗಸಾಗಿರುವ ಐದನೇ ಶೋಗನ್ ತ್ಸುನಯೊಶಿಯ ಆಳ್ವಿಕೆ 1680ರಿಂದ 1709. ಅದೇ ಹೊತ್ತಿಗೆ ಬಿದನೂರಿನಲ್ಲಿ ಕೆಳದಿ ಚೆನ್ನಮ್ಮ ನಿಜವಾಗಿಯೇ ಆಳುತ್ತಿದ್ದಳು. ಶಿವಾಜಿಯ ಮಗ ರಾಜಾರಾಮನಿಗೆ ಆಸರೆ ಕೊಟ್ಟು ಔರಂಗಜೇಬನ ಸೇನೆಯನ್ನು ಎದುರು ಹಾಕಿಕೊಂಡಿದ್ದಳು. ಗೇರುಸೊಪ್ಪೆಯ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ಕಾಳುಮೆಣಸಿನ ರಾಣಿ ಎಂದೇ ಕರೆದರು.

1623ರಲ್ಲಿ ಇಟಲಿಯ ಪ್ರವಾಸಿ ಪಿಯೆತ್ರೊ ದೆಲ್ಲಾ ವಾಲೆ ಉಳ್ಳಾಲದ ಚೌಟ ರಾಣಿಯನ್ನು ನೋಡಲು ಹೋದ. ರಾಣಿ ಸಿಕ್ಕಿದ್ದು ದರ್ಬಾರಿನಲ್ಲಿ ಅಲ್ಲ, ದಾರಿಯಲ್ಲಿ. ಬರಿಗಾಲು, ಮೈಮೇಲೆ ಸಾದಾ ಬಟ್ಟೆ. ನೀರು ಹಾಯಿಸಲು ತೋಡಿಸುತ್ತಿದ್ದ ಕಾಲುವೆಯ ಕೆಲಸ ನೋಡಲು ನಡೆದುಕೊಂಡೇ ಹೊರಟಿದ್ದಳು. ಅಡುಗೆಮನೆಯ ಆಳಿನಂತೆ ಕಂಡಳು ಎಂದು ಬರೆದ ದೆಲ್ಲಾ ವಾಲೆ, ಇಂಥವಳ ಕೈಯಲ್ಲಿ ದೊಡ್ಡ ದೊರೆಗಳ ಸೇನೆ ಸೋತಿತೇ ಎಂದು ಬೆರಗಾದ. ಮಾತಿಗೆ ನಿಂತ ಮೇಲೆ ಅವಳ ವಿವೇಕ ಅವನಿಗೆ ತಿಳಿಯಿತು. ಹತ್ತಿಯ ಬಟ್ಟೆಯುಟ್ಟು ಸುಗ್ಗಿ, ತೆರಿಗೆಗಳ ಲೆಕ್ಕ ಕೇಳುವ ಯೊಶಿಮುನೆಯನ್ನು ಬಿಡಿಸಲು ಯೊಶಿನಾಗ ಮಂಗಳೂರಿನ ಕಡೆ ಬಂದಿರಲಿಲ್ಲ, ನಿಜ. ಆದರೆ ಬಂದಿದ್ದರೆ ಮಾದರಿಗೆ ಅಲೆಯಬೇಕಾಗಿರಲಿಲ್ಲ.

ಆದರೂ ಒಂದು ಮಾತು ಉಳಿಯುತ್ತದೆ. ಚೆನ್ನಮ್ಮ ಪಟ್ಟಕ್ಕೆ ಬಂದದ್ದು ಗಂಡ ಸೋಮಶೇಖರ ನಾಯಕ ತೀರಿಕೊಂಡ ಮೇಲೆ; ಆಮೇಲೆ ಬಸಪ್ಪ ನಾಯಕನನ್ನು ದತ್ತು ತೆಗೆದುಕೊಂಡಳು. ಕಿತ್ತೂರಿನಲ್ಲಿ 1824ರ ಯುದ್ಧ ಹೊತ್ತಿಕೊಂಡದ್ದೂ ದತ್ತಕದ ಪ್ರಶ್ನೆಯಿಂದಲೇ. ಗಂಡಸಿನ ಜಾಗ ಖಾಲಿಯಾದಾಗ, ಮತ್ತೊಬ್ಬ ಗಂಡಸು ಬರುವವರೆಗೆ ಎಂಬ ಕರಾರಿನ ಮೇಲೆ ಹೆಂಗಸು ಆಳಿದಳು. ಅಳಿಯಸಂತಾನದ ತುಳುನಾಡನ್ನು ಬಿಟ್ಟರೆ ಈ ಕರಾರು ಬಹುಮಟ್ಟಿಗೆ ಎಲ್ಲ ಕಡೆಯದು. ‘ಓಓಕು’ ಆ ಕರಾರನ್ನು ಒಂದು ಮನೆತನದಿಂದ ಇಡೀ ದೇಶಕ್ಕೆ ಹಿಗ್ಗಿಸಿ, ಎರಡು ಶತಮಾನ ನಡೆಸಿ ನೋಡುತ್ತದೆ.

ತೋಳಿನ ಗುರುತು ತೋರಿಸಿದ ರಾಣಿ

ಕಾಮಿಕ್ಸ್‌ನ ನಡುವಿನ ಸಂಪುಟಗಳಲ್ಲಿ ರೋಗಕ್ಕೆ ಮದ್ದು ಹುಡುಕುವ ಕಥೆ ಬರುತ್ತದೆ. ಎದೊ ಕಾಲದ ಹೆಸರಾಂತ ಪಂಡಿತ ಹಿರಾಗ ಗೆನ್ನಾಯ್ ಇಲ್ಲಿ ಗಂಡುಡುಗೆಯ ಹೆಂಗಸು. ಡಚ್ ರಕ್ತದ ವೈದ್ಯ ಅಓನುಮನೊಂದಿಗೆ ಸೇರಿ, ಸೌಮ್ಯವಾಗಿ ರೋಗ ಬಂದವರಿಂದ ಕೀವು ತೆಗೆದು ಆರೋಗ್ಯವಂತ ಹುಡುಗರಿಗೆ ಚುಚ್ಚುವ ವಿಧಾನ ಕಂಡುಕೊಳ್ಳುತ್ತಾರೆ. ಅವರಿಗೆ ಬೆಂಬಲವಾಗಿ ನಿಂತವರು ಅಧಿಕಾರ ಕಳೆದುಕೊಂಡ ಕೂಡಲೇ ಅಓನುಮನ ತಲೆ ಉರುಳುತ್ತದೆ. ಆದರೆ ವಿಧಾನ ಉಳಿಯುತ್ತದೆ. ಮುಂದಿನ ತಲೆಮಾರಿನ ಹುಡುಗರು ಬದುಕುತ್ತಾರೆ.

ಅಂತಃಪುರ ಮತ್ತು ಸಿಡುಬು ಎರಡೂ ಕೂಡಿದ ಕಥೆಯೊಂದು ಮೈಸೂರಿನಲ್ಲೂ ಇದೆ. 1805ರಲ್ಲಿ ಮುಮ್ಮಡಿ ಕೃಷ್ಣರಾಜ ಒಡೆಯರಿಗೆ ಮದುವೆಯಾಗಿ ದೇವಾಜಮ್ಮಣ್ಣಿ ಮೈಸೂರಿಗೆ ಬಂದಳು. ಆ ಹೊತ್ತಿಗೆ ಥಾಮಸ್ ಹಿಕಿ ಬರೆದ ತೈಲಚಿತ್ರದಲ್ಲಿ ಅರಮನೆಯ ಮೂವರು ಹೆಂಗಸರಿದ್ದಾರೆ. ಅವರಲ್ಲಿ ಒಬ್ಬಳು ಸೆರಗನ್ನು ತೋಳಿನ ಮೇಲಿಂದ ಸರಿಸಿ ಹಿಡಿದಿದ್ದಾಳೆ. ಆಗಷ್ಟೇ ಭಾರತಕ್ಕೆ ಬಂದಿದ್ದ ಸಿಡುಬಿನ ಲಸಿಕೆ ಹಾಕಿಸಿಕೊಂಡ ಜಾಗವನ್ನು ಆಕೆ ತೋರಿಸುತ್ತಿದ್ದಾಳೆ, ಜನ ಧೈರ್ಯ ತಂದುಕೊಳ್ಳಲಿ ಎಂದು ಬರೆಸಿದ ಚಿತ್ರವಿದು ಎಂಬುದು ಇತಿಹಾಸಕಾರ ನೈಜೆಲ್ ಚಾನ್ಸಲರ್ ಅವರ ಓದು. 1799ರಲ್ಲಿ ಟಿಪ್ಪು ಮಡಿದ ಮೇಲೆ ಒಡೆಯರ ಮನೆಗೆ ರಾಜ್ಯ ಮರಳಿ ಬರಲು ತೆರೆಮರೆಯಲ್ಲಿ ದುಡಿದ ಲಕ್ಷ್ಮಮ್ಮಣ್ಣಿ ಆಗ ಆ ಅರಮನೆಯ ಹಿರಿಯಳು. ಪರದೆಯ ಹಿಂದಿನ ಹೆಂಗಸರು ಚಿತ್ರಕಾರನ ಮುಂದೆ ಕೂತದ್ದೇ ದೊಡ್ಡ ಸಂಗತಿ. ಅದೂ ಲಸಿಕೆಯ ಪ್ರಚಾರಕ್ಕೆ. ಆ ಚಿತ್ರವನ್ನು ಬಹುಕಾಲ ನಾಟ್ಯದ ಹೆಂಗಸರದ್ದೆಂದೇ ತಿಳಿದಿದ್ದರು. ರಾಣಿಯರು ಹೆಸರು ಕಳೆದುಕೊಳ್ಳುವುದಕ್ಕೆ ದಂಗೆಯೇ ಆಗಬೇಕಿಲ್ಲ, ಚಿತ್ರದಡಿಯ ಒಂದು ಚೀಟಿ ಬದಲಾದರೂ ಸಾಕು.

ಪೀಣ್ಯದ ಲೈನಿನಲ್ಲಿ

ಈಗ ನಮ್ಮ ಹೊರವಲಯಕ್ಕೆ ಬರೋಣ. ಬೆಳಿಗ್ಗೆ ಎಂಟೂವರೆಯ ಒಳಗೆ ಪೀಣ್ಯದ ಅಡ್ಡರಸ್ತೆಗಳಲ್ಲಿ, ಬೊಮ್ಮನಹಳ್ಳಿಯ, ಹೊಸೂರು ರಸ್ತೆಯ ಗಾರ್ಮೆಂಟ್ಸ್ ಗೇಟುಗಳ ಮುಂದೆ ನಿಂತು ನೋಡಿದರೆ ಯೊಶಿನಾಗರ ಜಪಾನಿನ ಹಾಗೇ ಕಾಣುತ್ತದೆ. ಊಟದ ಡಬ್ಬಿ ಹಿಡಿದು ದಾಪುಗಾಲು ಹಾಕುವವರಲ್ಲಿ ಗಂಡಸರನ್ನು ಹುಡುಕಬೇಕು. ಒಳಗೆ ಕಾಲರ್ ಒಬ್ಬಳು, ತೋಳು ಇನ್ನೊಬ್ಬಳು, ಕಾಜ ಮತ್ತೊಬ್ಬಳು ಹೊಲಿಯುತ್ತ ಅಂಗಿ ಲೈನಿನುದ್ದಕ್ಕೂ ಸಾಗುತ್ತದೆ. ಹೆಲ್ಪರ್, ಟೈಲರ್, ಟ್ರಿಮ್ಮಿಂಗ್, ಚೆಕಿಂಗ್ ಎಲ್ಲೆಡೆ ಹೆಂಗಸರು. ಗಂಟೆಗಂಟೆಗೂ ಪ್ರೊಡಕ್ಷನ್ ಎಷ್ಟಾಯಿತು ಎಂದು ಬೋರ್ಡಿನ ಮೇಲೆ ಬರೆಯುತ್ತಾರೆ. ಆ ಬೋರ್ಡಿನ ಪಕ್ಕ ನಿಂತು ಟಾರ್ಗೆಟ್ ಕೂಗುವ ದನಿ ಮಾತ್ರ ಹೆಚ್ಚಿನ ಕಡೆ ಗಂಡಸಿನದು. ಸೂಪರ್‌ವೈಸರ್, ಫ್ಲೋರ್ ಇನ್‌ಚಾರ್ಜ್, ಮ್ಯಾನೇಜರ್ ಎಂದು ಮೇಲೆ ಹೋದಷ್ಟೂ ಹೆಂಗಸರು ಕಡಿಮೆ.

ತಲೆ ಎಣಿಸಿದರೆ ಹೆಂಗಸರೇ ಜಾಸ್ತಿ. ಆದರೂ ಅಧಿಕಾರ ಅವರ ಕಡೆ ವಾಲಿಲ್ಲ. ಜಪಾನಿನ ಕಲ್ಪನೆಯಲ್ಲಿ ಗಂಡಸರು ಸತ್ತದ್ದರಿಂದ ಮೇಲಿನ ಕುರ್ಚಿ ಖಾಲಿಯಾಯಿತು. ಇಲ್ಲಿ ಯಾರೂ ಸಾಯಲಿಲ್ಲ, ಕುರ್ಚಿ ಖಾಲಿಯಾಗಲಿಲ್ಲ, ಕೆಳಗಿನ ಸ್ಟೂಲುಗಳು ಮಾತ್ರ ಹೆಂಗಸರ ಪಾಲಾದವು. ಪೀಣ್ಯದ ಪಕ್ಕದ ಜಾಲಹಳ್ಳಿಯಲ್ಲಿ 1961ರಲ್ಲಿ ಎಚ್‌ಎಂಟಿ ಜಪಾನಿನ ಸಿಟಿಜನ್ ಕಂಪನಿಯ ನೆರವಿನಿಂದ ಕೈಗಡಿಯಾರ ಮಾಡಲು ಹೊರಟಾಗಲೂ ಬಿಡಿಭಾಗ ಜೋಡಿಸುವ ಮೇಜುಗಳಿಗೆ ಹೆಂಗಸರನ್ನು ತೆಗೆದುಕೊಂಡಿತು. ಹೆಂಗಸರ ಬೆರಳು ಸೂಕ್ಷ್ಮ ಕೆಲಸಕ್ಕೆ ಒಗ್ಗುತ್ತದೆ ಎನ್ನುವುದು ಕಾರ್ಖಾನೆಗಳ ಹಳೇ ಮಾತು. ‘ಓಓಕು’ ಓದಿದ ಮೇಲೆ ಇಂಥ ಮಾತು ಕಿವಿಗೆ ಬಿದ್ದರೆ ನಗು ಬರುತ್ತದೆ. ಅಲ್ಲಿ ಗಂಡಸರು ಸ್ವಭಾವತಃ ದುರ್ಬಲರು, ರಾಜ್ಯಭಾರದಂಥ ಕಷ್ಟದ ಕೆಲಸ ಅವರಿಗೆ ಒಗ್ಗದು ಎಂದು ಎಲ್ಲರೂ ನಂಬಿಕೊಂಡಿರುತ್ತಾರೆ.

2016ರ ಏಪ್ರಿಲ್ 18ರಂದು ಈ ಲೈನುಗಳು ಬೀದಿಗೆ ಬಂದವು. ಭವಿಷ್ಯ ನಿಧಿಗೆ ಮಾಲೀಕರು ಕಟ್ಟಿದ ಪಾಲನ್ನು 58 ವಯಸ್ಸಾಗುವವರೆಗೆ ತೆಗೆಯುವಂತಿಲ್ಲ ಎಂದು ಕೇಂದ್ರ ಸರ್ಕಾರ ಆ ಫೆಬ್ರುವರಿಯಲ್ಲಿ ಆದೇಶ ಹೊರಡಿಸಿತ್ತು. ಗಾರ್ಮೆಂಟ್ಸ್ ಹೆಂಗಸರಿಗೆ ಪಿಎಫ್ ಎಂದರೆ ಮುಪ್ಪಿನ ಆಸರೆಗಿಂತ ಹೆಚ್ಚಾಗಿ ಮಗಳ ಕಾಲೇಜು ಫೀಸು, ಮಗನ ಮದುವೆ, ತೀರದ ಕೈಸಾಲ. ಕೆಲವು ವರ್ಷ ದುಡಿದು, ಕೆಲಸ ಬಿಟ್ಟು, ಪಿಎಫ್ ತೆಗೆದು, ಮತ್ತೆ ಬೇರೆ ಫ್ಯಾಕ್ಟರಿ ಸೇರುವುದು ಅವರ ಬದುಕಿನ ಲೆಕ್ಕಾಚಾರ. 58ರವರೆಗೆ ಆ ಯಂತ್ರದ ಮುಂದೆ ಕೂರುವ ಸೊಂಟ ಯಾರಿಗಿದೆ? ಹೊಸೂರು ರಸ್ತೆಯಲ್ಲಿ ಹೊತ್ತಿದ ಸಿಟ್ಟು ಮರುದಿನ ತುಮಕೂರು ರಸ್ತೆಯ ಜಾಲಹಳ್ಳಿ ಕ್ರಾಸ್‌ವರೆಗೂ ಹಬ್ಬಿತು. ಸಾವಿರಾರು ಹೆಂಗಸರು ಹೆದ್ದಾರಿಯಲ್ಲಿ ಕೂತರು. ಲಾಠಿ ಬೀಸಿದವು, ಅಶ್ರುವಾಯು ಸಿಡಿಯಿತು, ಹೆಬ್ಬಗೋಡಿಯಲ್ಲಿ ವಾಹನಗಳಿಗೆ ಬೆಂಕಿ ಬಿತ್ತು. ಯಾವ ದೊಡ್ಡ ಸಂಘಟನೆಯೂ ಕರೆ ಕೊಟ್ಟಿರಲಿಲ್ಲ. 19ರಂದೇ ಸರ್ಕಾರ ಆದೇಶ ಹಿಂದಕ್ಕೆ ತೆಗೆದುಕೊಂಡಿತು.

ಎರಡೇ ದಿನದಲ್ಲಿ ದೆಹಲಿಯ ಆದೇಶವನ್ನು ವಾಪಸು ಕಳಿಸಿದ ಚಳವಳಿ ಈ ನಗರದಲ್ಲಿ ಎಷ್ಟು ಆಗಿದೆ? ಆದರೆ ಅದರ ಮುಂದಾಳುಗಳ ಹೆಸರು ಕೇಳಿ ನೋಡಿ, ಯಾರಿಗೂ ಗೊತ್ತಿಲ್ಲ. ‘ನಾಯಕರಿಲ್ಲದ ಹೋರಾಟ’ ಎಂದು ಬರೆದು ಮುಗಿಸಿದೆವು. ಮೊದಲು ಯಂತ್ರದ ಸ್ವಿಚ್ ಆರಿಸಿ ಎದ್ದು ನಿಂತವಳು ಒಬ್ಬಳು ಇದ್ದೇ ಇರುತ್ತಾಳಲ್ಲ? ಪಕ್ಕದ ಫ್ಯಾಕ್ಟರಿಯ ಗೇಟಿಗೆ ಹೋಗಿ ಕೂಗಿದವಳು ಇನ್ನೊಬ್ಬಳು. ಅವರು ನಾಯಕರು ಅನ್ನಿಸಲಿಲ್ಲ, ಏಕೆಂದರೆ ನಾಯಕ ಎಂದರೆ ನಮ್ಮ ಕಣ್ಣಮುಂದೆ ಬರುವ ಮುಖ ಬೇರೆಯದು.

ಕಾವಲಿನ ಕ್ಯಾಬ್

ಎಲೆಕ್ಟ್ರಾನಿಕ್ ಸಿಟಿಯ ಅನುಭವ ಇನ್ನೊಂದು ಬಗೆಯದು. ರಾತ್ರಿ ಪಾಳಿ ಮುಗಿಸಿದ ಹೆಂಗಸರನ್ನು ಮನೆ ಮುಟ್ಟಿಸುವ ಕಂಪನಿ ಕ್ಯಾಬ್‌ಗಳಿಗೆ ಕಟ್ಟುಪಾಡುಗಳಿವೆ: ಮೊದಲು ಹತ್ತುವವರು, ಕೊನೆಗೆ ಇಳಿಯುವವರು ಹೆಂಗಸರಾಗಬಾರದು, ಆಗಲೇಬೇಕಾದರೆ ಡ್ರೈವರ್ ಪಕ್ಕದಲ್ಲಿ ಸೆಕ್ಯುರಿಟಿ ಗಾರ್ಡ್ ಕೂರಬೇಕು. ಕಟ್ಟುಪಾಡು ಬೇಕಿದೆ, ಯಾರೂ ಬೇಡವೆನ್ನುವುದಿಲ್ಲ. ಆದರೆ ಒಂದು ಸಲ ಅದಲುಬದಲು ಮಾಡಿ ನೋಡಿ. ರಾತ್ರಿ ಹನ್ನೊಂದಕ್ಕೆ ಮೂವರು ಗಂಡಸು ಇಂಜಿನಿಯರುಗಳು ಹಿಂದಿನ ಸೀಟಿನಲ್ಲಿ, ಅವರನ್ನು ಕಾಯಲು ಲಾಠಿ ಹಿಡಿದ ಹೆಂಗಸು ಮುಂದಿನ ಸೀಟಿನಲ್ಲಿ. ‘ತಲುಪಿದೆಯೇನೋ?’ ಎಂದು ಅಮ್ಮನ ಫೋನು. ರಾತ್ರಿ ಕೆಲಸ ನಿನಗೆ ಬೇಡ ಎನ್ನುವ ಅತ್ತೆ ಮಾವ. ಮದುವೆ ಮಾತುಕತೆಯಲ್ಲಿ ಹುಡುಗನಿಗೆ ನೈಟ್ ಶಿಫ್ಟ್ ಇದೆಯೇ ಎಂಬ ವಿಚಾರಣೆ.

ಯೊಶಿನಾಗರ ಜಪಾನಿನ ಗಂಡಸರು ಬದುಕುವುದು ಹೀಗೇ. ರೋಗ ನಿಜ, ಅಪಾಯ ನಿಜ, ಕಾವಲೂ ಪ್ರೀತಿಯಿಂದಲೇ ಬಂದದ್ದು. ಎರಡು ಮೂರು ತಲೆಮಾರು ಕಳೆದ ಮೇಲೆ ಗಂಡಸರು ಮನೆಯೊಳಗೆ ಇರುವುದು ರೋಗದ ಭಯಕ್ಕಲ್ಲ, ಅದು ಅವರ ಸ್ವಭಾವ ಎಂದೇ ಎಲ್ಲರೂ ತಿಳಿಯುತ್ತಾರೆ. 1948ರ ಕಾರ್ಖಾನೆ ಕಾಯ್ದೆ ಹೆಂಗಸರನ್ನು ರಾತ್ರಿ 7ರಿಂದ ಬೆಳಿಗ್ಗೆ 6ರವರೆಗೆ ದುಡಿಸಬಾರದು ಎಂದಿತ್ತು. ಕರ್ನಾಟಕ 2023ರಲ್ಲಿ ಅದಕ್ಕೆ ತಿದ್ದುಪಡಿ ತಂದು ಷರತ್ತಿನ ಮೇಲೆ ರಾತ್ರಿ ಪಾಳಿಗೆ ದಾರಿ ಮಾಡಿತು. ಕಾಯ್ದೆ ತಿದ್ದಲು ಮುಕ್ಕಾಲು ಶತಮಾನ ಬೇಕಾಯಿತು. ಸ್ವಭಾವ ಎಂದು ಬೇರುಬಿಟ್ಟದ್ದನ್ನು ತಿದ್ದಲು ಇನ್ನೂ ಹೆಚ್ಚು ಕಾಲ ಬೇಕು.

ಕಂಸನ ಮೀಸೆ

ವೇಷ ಬದಲಿಸಿ ಸತ್ಯ ಹೇಳುವ ಕಲೆ ನಮ್ಮ ರಂಗಭೂಮಿಗೆ ಚೆನ್ನಾಗಿ ಗೊತ್ತಿತ್ತು. ಯಕ್ಷಗಾನದ ಸ್ತ್ರೀವೇಷಧಾರಿಗಳ ಪರಂಪರೆ ಜಪಾನಿನ ಕಬುಕಿಯ ಹೆಣ್ಣುವೇಷದವರಿಗೆ ಸರಿಸಮ. ತಕಾರಾಜುಕಕ್ಕೆ ಸಾಟಿಯಾದದ್ದೂ ಇಲ್ಲೇ ಹುಟ್ಟಿತು. 1958ರಲ್ಲಿ ಆರ್. ನಾಗರತ್ನಮ್ಮ ಬೆಂಗಳೂರಿನಲ್ಲಿ ಸ್ತ್ರೀ ನಾಟಕ ಮಂಡಳಿ ಕಟ್ಟಿದರು. ಎಲ್ಲ ಪಾತ್ರಕ್ಕೂ ಹೆಂಗಸರೇ. ನಾಗರತ್ನಮ್ಮ ಸ್ವತಃ ಕಂಸ, ರಾವಣ, ಭೀಮನಾಗಿ ಗದೆ ತಿರುಗಿಸಿದರು. 2012ರಲ್ಲಿ ಪದ್ಮಶ್ರೀ ಬಂತು, ಅದೇ ವರ್ಷ ತೀರಿಕೊಂಡರು. ಗಂಡಿನ ಗತ್ತು ಎಂಬುದು ಮೀಸೆ, ದನಿ, ನಿಲುವುಗಳಿಂದ ಕಟ್ಟಿದ ಪಾತ್ರ, ಕಲಿತರೆ ಯಾರು ಬೇಕಾದರೂ ಆಡಬಹುದು ಎಂದು ಟಿಕೆಟ್ ಕೊಂಡು ಬಂದ ಪ್ರೇಕ್ಷಕರಿಗೆ ಅವರು ಊರೂರಿನಲ್ಲಿ ತೋರಿಸಿದರು. ವೈಟ್‌ಫೀಲ್ಡ್‌ನ ಮೈದಾನದಲ್ಲಿ ಸಮುರಾಯ್ ವೇಷ ಹಾಕುವ ಹುಡುಗಿಯರಿಗೆ ಮನೆಯಲ್ಲೇ ಇಂಥ ಅಜ್ಜಿ ಇದ್ದಳೆಂದು ಹೇಳಿದವರಿಲ್ಲ.

‘ಓಓಕು’ವಿನ ಕೊನೆಯಲ್ಲಿ ರೋಗ ಸೋಲುತ್ತದೆ, ಗಂಡಸರ ಸಂಖ್ಯೆ ಮತ್ತೆ ಏರುತ್ತದೆ, ಎದೊ ಕೋಟೆ 1868ರಲ್ಲಿ ಕೈಬದಲಾಗುತ್ತದೆ. ಹೊಸದಾಗಿ ಬಂದವರಿಗೆ ಹೆಂಗಸರು ಈ ದೇಶ ಆಳಿದ್ದರು ಎನ್ನುವುದೇ ನಾಚಿಕೆಗೇಡು. ಅದರ ಗುರುತೆಲ್ಲ ದಫ್ತರದಿಂದ ಅಳಿಸಿಹೋಗುತ್ತದೆ. ನಾವು ಪಠ್ಯಪುಸ್ತಕದಲ್ಲಿ ಓದುವ, ಗಂಡು ಶೋಗನ್‌ಗಳೇ ತುಂಬಿದ ಇತಿಹಾಸ ಹೀಗೆ ತಯಾರಾಯಿತು ಎಂದು ಯೊಶಿನಾಗ ಕಥೆಯ ಗಂಟು ಹಾಕುತ್ತಾರೆ. ಅದಾದ ಮೇಲೆ ಅಮೆರಿಕಕ್ಕೆ ಹೊರಟ ಹಡಗಿನಲ್ಲಿ ಪುಟ್ಟ ಹುಡುಗಿಯೊಬ್ಬಳಿಗೆ, ಈ ದೇಶವನ್ನು ಹಿಂದೆ ಹೆಂಗಸರು ಆಳಿದ್ದರು ಎಂಬ ಗುಟ್ಟು ತಿಳಿಯುತ್ತದೆ. ಆ ಹುಡುಗಿ ತ್ಸುದ ಉಮೆಕೊ. 1871ರಲ್ಲಿ ನಿಜವಾಗಿಯೂ ಓದಲು ಅಮೆರಿಕಕ್ಕೆ ಹೋದ ಐವರು ಹುಡುಗಿಯರಲ್ಲಿ ಕಿರಿಯಳು. ಮರಳಿ ಬಂದು 1900ರಲ್ಲಿ ಹೆಣ್ಣುಮಕ್ಕಳ ಶಾಲೆ ತೆರೆದಳು. 2024ರ ಜುಲೈಯಿಂದ ಜಪಾನಿನ 5000 ಯೆನ್ ನೋಟಿನ ಮೇಲೆ ಇರುವುದು ಅವಳ ಮುಖ. ಕಲ್ಪನೆಯ ಕಥೆ ಇಲ್ಲಿ ನಿಜದ ಕೈ ಹಿಡಿಯುತ್ತದೆ: ಬರಹದಲ್ಲಿ ಸತ್ತದ್ದನ್ನು ಒಬ್ಬರು ಇನ್ನೊಬ್ಬರಿಗೆ ಬಾಯಲ್ಲಿ ದಾಟಿಸಿದರೆ ಸಾಕು, ಅದು ಎಲ್ಲೋ ಒಂದು ಕಡೆ ಮೇಲೇಳುತ್ತದೆ.

ಕನ್ನಡಕ್ಕೆ ಚಿತ್ರಕಥೆ ಹೊಸತಲ್ಲ. ಅಮರ ಚಿತ್ರ ಕಥೆಯ ಮೊಟ್ಟಮೊದಲ ಪುಸ್ತಕಗಳು 1965ರಲ್ಲಿ ಬೆಂಗಳೂರಿನಲ್ಲಿ, ಜಿ.ಕೆ. ಅನಂತರಾಮ್ ಅವರ ಮುತುವರ್ಜಿಯಿಂದ, ಕನ್ನಡದಲ್ಲೇ ಬಂದವು. ಬಾಲಮಂಗಳದ ಡಿಂಗನನ್ನು ಓದಿ ಬೆಳೆದವರು ಇಂದು ಹೊರವರ್ತುಲ ರಸ್ತೆಯ ಆಫೀಸುಗಳಲ್ಲಿ ಟೀಂ ಲೀಡ್‌ಗಳು. ಟ್ಯಾಬ್ಲೆಟ್ ಮೇಲೆ ಚಿತ್ರ ಬಿಡಿಸಬಲ್ಲ ಹುಡುಗ ಹುಡುಗಿಯರು ಈ ಊರಿನಲ್ಲಿ ಬೇಕಾದಷ್ಟು. ಪೀಣ್ಯದ ‘ಓಓಕು’ವನ್ನು ಅವರಲ್ಲಿ ಯಾರಾದರೂ ಬರೆಯಬೇಕು. ಪ್ರಮೀಳೆಗೆ ಮದುವೆ ಮಾಡಿಸದೆ, ರೊಕೆಯಾರಂತೆ ಕನಸಿಗೂ ಕಳಿಸದೆ, ಒಂದೇ ಒಂದು ಸಂಗತಿಯನ್ನು ಅದಲುಬದಲು ಮಾಡಿ ಮಿಕ್ಕದ್ದೆಲ್ಲ ಇದ್ದಂತೆ ಇಟ್ಟರೆ ಸಾಕು. ಲೈನಿನಲ್ಲಿ ಗಂಡಸರು ಕೂತಿದ್ದಾರೆ, ಟಾರ್ಗೆಟ್ ಕೂಗುತ್ತಿರುವವಳು ಹೆಂಗಸು, ಮಗುವಿಗೆ ಜ್ವರ ಬಂದರೆ ರಜೆ ಕೇಳಿ ಬೈಸಿಕೊಳ್ಳುವವನು ಅಪ್ಪ. ಬರೆಯುವವರಿಗೆ ಷರತ್ತು ಒಂದೇ: ಯಂತ್ರ ನಿಲ್ಲಿಸಿ ಮೊದಲು ಎದ್ದು ನಿಂತವರಿಗೆ ಹೆಸರಿಡಬೇಕು. 2016ರಲ್ಲಿ ‘ಮಹಿಳಾ ಕಾರ್ಮಿಕರು’ ಎಂಬ ಎರಡೇ ಪದಗಳಲ್ಲಿ ಕೆಲಸ ಮುಗಿಸಿದ ಸಾಲ ನಮ್ಮ ಮೇಲಿದೆ.